‘ತಾಹೇರಾ ಇಲ್ಲ’ ಎಂದ ದಾಖಲೆಸಿರಿಯವರಿಗೆ

ಮಾನ್ಯ ದಾಖಲೆಸಿರಿ ತಂತ್ರಾಂಶ ಮಹೋದಯರ ಸನ್ನಿಧಾನಕ್ಕೆ,

ಹಲಸೂರಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಲೈಬ್ರರಿಯನ್ನೂ ದಾಖಲಾತಿ ರಿಜಿಸ್ಟರುಗಳನ್ನೂ ನೋಡಿಕೊಂಡಿರುವ ಶಾಂತಕುಮಾರಿಯ ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು, ಅಂದರೆ ಈ ಹೊತ್ತು ಕರೆಂಟು ಇದೆಯೆಂದು, ನಂಬಿದ್ದೇನೆ.

ತಮ್ಮನ್ನು ಕಲಿಯಲು ದೊಮ್ಮಲೂರಿನ ತರಬೇತಿ ಕೇಂದ್ರದಲ್ಲಿ ಮೂರು ದಿನ ಕೂತೆ. ‘ಕುಟುಂಬದ ಹೆಸರು’ ಎಂಬ ಚೌಕ ಖಾಲಿ ಬಿಟ್ಟರೆ ತಾವು ಮುಂದಕ್ಕೆ ಹೋಗುವುದಿಲ್ಲ. ನಮ್ಮ ಹುಡುಗಿಯರಲ್ಲಿ ಮುಕ್ಕಾಲು ಪಾಲಿಗೆ ಅಂಥದೊಂದಿಲ್ಲವಲ್ಲ ಎಂದಿದ್ದಕ್ಕೆ ತರಬೇತುದಾರರು, “ಇಲ್ಲ ಅಂತ್ಲೇ ಟೈಪ್ ಮಾಡ್ಬಿಡಿ ಮೇಡಂ, ಸಿಸ್ಟಮ್ ತಗೊಳ್ಳುತ್ತೆ” ಎಂದರು. ತಾವು ತೆಗೆದುಕೊಂಡಿರಿ. ಹಳೆಯ ರಿಜಿಸ್ಟರುಗಳ ಸಾವಿರಾರು ಹೆಸರುಗಳನ್ನು ನಾನೂ ವಿಧೇಯಳಾಗಿ ಹಾಗೇ ತುಂಬಿದೆ, ತುಂಬಿ ಮರೆತೆ.

ನಾಲ್ಕು ತಿಂಗಳಾದ ಮೇಲೆ, ಕಳೆದ ಮಂಗಳವಾರ ಮಧ್ಯಾಹ್ನ, ಶಿವಾಜಿನಗರದಿಂದ ತಾಹೇರಾ ಬಂದಳು. ಒಬ್ಬಳೇ ಹೊಲಿಗೆ ಹಾಕಿ ಇಬ್ಬರು ಮಕ್ಕಳನ್ನು ಸಾಕುವವಳು. ಅಂಗನವಾಡಿ ಸಹಾಯಕಿ ಹುದ್ದೆಯ ಅರ್ಜಿಗೆ ವ್ಯಾಸಂಗ ಪ್ರಮಾಣಪತ್ರ ಬೇಕಿತ್ತು. ಅಂದೇ ಕೊನೆಯ ದಿನ. ಹೆಸರು ಒತ್ತಿದೆ. ‘ತಾಹೇರಾ ಇಲ್ಲ’ ಎಂದು ತಾವು ಅಪ್ಪಣೆ ಕೊಡಿಸಿದಿರಿ.

“ನಿನ್ನ ಹೆಸರಿಲ್ಲಮ್ಮ” ಎಂದೆ.

“ಏಳು ವರ್ಷ ಇಲ್ಲೇ ಓದಿದೀನಿ ಮಿಸ್, ನೀವೇ ನಂಗೆ ಬುಕ್ ಕೊಡ್ತಿದ್ರಿ. ಇನ್ನೊಂದ್ಸಲ ನೋಡಿ.”

ನೋಡಿದೆ. ಅವಳ ಮುಖವನ್ನಲ್ಲ, ತಮ್ಮ ಮುಖವನ್ನು. ಮತ್ತೆ ಅದೇ ‘ಇಲ್ಲ’. ಅವಳು ಹೊರಟುಹೋದಳು.

ರದ್ದಿಗೆಂದು ರಿಜಿಸ್ಟರು ಕಟ್ಟುತ್ತಿದ್ದ ನಮ್ಮ ಜವಾನ ಮುನಿರಾಜಪ್ಪ ಕಟ್ಟು ಬಿಚ್ಚಿ, ಐದೇ ನಿಮಿಷದಲ್ಲಿ, “ಇಲ್ಲೇ ಐತಲ್ಲ ಮೇಡಂ!” ಎಂದರು. ತಾವು ತೋರಿಸಿದ್ದು ಉತ್ತರವಲ್ಲ, ಕುಟುಂಬದ ಚೌಕಕ್ಕೆ ‘ಇಲ್ಲ’ ಎಂದು ತುಂಬಿ ನಾನೇ ಬರೆದ ಹೆಸರು ಎಂದು ಆಗ ಹೊಳೆಯಿತು. ಪ್ರಮಾಣಪತ್ರವನ್ನು ಕೈಯಲ್ಲೇ ಬರೆದು, ಹೆಡ್‌ಮಿಸ್ಟ್ರೆಸ್ ಸಹಿ ಹಾಕಿಸಿ, ರಿಜಿಸ್ಟರಿನಲ್ಲಿದ್ದ ವಿಳಾಸ ಹಿಡಿದು ಆಟೊ ಹತ್ತಿದೆ. ಪುಣ್ಯಕ್ಕೆ ಮನೆ ಬದಲಾಗಿರಲಿಲ್ಲ. ಬಾಗಿಲಲ್ಲೇ ಕ್ಷಮೆ ಕೇಳಿದೆ. “ಮೊದ್ಲು ಸೈಬರಿಗೆ ಓಡೋಣ ಮಿಸ್” ಎಂದಳು. ಗಡುವಿಗೆ ಹನ್ನೊಂದು ನಿಮಿಷ ಇದ್ದಾಗ ಅರ್ಜಿ ಹೋಯಿತು.

ಮರುದಿನವೇ, ‘ವ್ಯವಸ್ಥೆಯ ಹೊರಗೆ’ ಪ್ರಮಾಣಪತ್ರ ಕೊಟ್ಟಿದ್ದಕ್ಕೆ, ತಾವು ಕಳಿಸಿದ ದೂರಿನ ಮೇರೆಗೆ, ಆಡಳಿತ ಮಂಡಳಿಯಿಂದ ನನಗೆ ನೋಟಿಸು ಬಂತು. ತಮ್ಮ ಚುರುಕುತನಕ್ಕೆ ಉಘೇ ಎನ್ನಲೇಬೇಕು: ಏಳು ವರ್ಷ ಓದಿದವಳು ಕಾಣದ ಕಣ್ಣಿಗೆ ನನ್ನ ಒಂದು ಹಾಳೆ ಕಂಡಿತಲ್ಲ! ಆದ್ದರಿಂದ ಸವಿನಯ ಪ್ರಾರ್ಥನೆ: ತಾವು ದಯಮಾಡಿಸಿ ನಮ್ಮ ಒಂದನೇ ತರಗತಿಗೆ ಸೇರಬೇಕು. ಹಾಜರಿ ಕೂಗಿದಾಗ ಕುಟುಂಬದ ಹೆಸರಿಲ್ಲದ ಮಕ್ಕಳೂ ಎದ್ದು ನಿಲ್ಲುವುದನ್ನು ಕಣ್ಣಾರೆ ಕಾಣಬೇಕು. ಪಾಠ ಹೇಳಲು ಮುನಿರಾಜಪ್ಪನವರು ಒಪ್ಪಿದ್ದಾರೆ. ರಿಜಿಸ್ಟರುಗಳನ್ನಂತೂ ನಾನು ರದ್ದಿಗೆ ಕೊಡುವುದಿಲ್ಲ.

ತಮ್ಮ ಮೇಲೆ ವಿಶ್ವಾಸವಿಟ್ಟು ಕೆಟ್ಟ,
ತಮ್ಮ ವಿಶ್ವಾಸಿ,
ಶಾಂತಕುಮಾರಿ

ವಿ.ಸೂ.: ನೋಟಿಸಿಗೆ ಉತ್ತರವನ್ನು ತಮ್ಮ ಮೂಲಕವೇ, ಮುನ್ನೂರು ಅಕ್ಷರ ಮೀರದಂತೆ, ಸಲ್ಲಿಸಬೇಕಂತೆ. ಹಾಗಾಗಿ ಇದನ್ನು ಶಾಲೆಯ ಗೇಟಿಗೆ ಅಂಟಿಸಿದ್ದೇನೆ. ಓದಲು ಪಾಸ್‌ವರ್ಡ್ ಬೇಕಿಲ್ಲ.