ಎಳೆಯೋ ಗಾಡಿ ತೋರ್ಸಿ

ಮಿಕ್ಸರಮ್ಮ: ಗಾಡಿ ಎಳೆಯುತ್ತಾ ಇಲ್ವಾ ಅಂತ ಕೇಳಿದ್ದು ನಾನು. ನೀವು ಆಗಿನಿಂದ ಸೀಟು ಸವರ್ತಾ ಕೂತಿದ್ದೀರಿ.

ಟೇಲರ್: ಹೊಲಿಗೆ ನೋಡೇ ಮೊದ್ಲು. ಎರಡೆಳೆ ದಾರ, ಎಲ್ಲೂ ಒಂದು ಸುಕ್ಕಿಲ್ಲ. ಸೀಟನ್ನೇ ಇಷ್ಟು ಚೆನ್ನಾಗಿ ನೋಡ್ಕೊಂಡೋರು ಎಂಜಿನ್ ಕೆಡಿಸ್ತಾರಾ?

ಮಿಕ್ಸರಮ್ಮ: ನಮ್ಮ ಮಿಕ್ಸರ್ ಸೀಟಿನ ಮೇಲೆ ಕೂರಲ್ಲ ರೀ. ಹಿಂದೆ ಕಟ್ಟಿಸ್ಕೊಂಡು ಬರುತ್ತೆ.

ಹಳೇ ಗಾಡಿ ಮಾರುವ ಅಂಗಳದಲ್ಲಿ ಬಿಸಿಲು ಏರಿತ್ತು. ಹಿಂದೆ ತಗಡಿನ ಶೆಡ್ಡು, ಮುಂದೆ ರಸ್ತೆಗೆ ಮುಖ ಮಾಡಿ ಸಾಲಾಗಿ ನಿಂತ ಏಳೆಂಟು ಪಿಕಪ್‌ಗಳು, ಒಂದೊಂದರ ಗಾಜಿನ ಮೇಲೂ ಬೆಲೆಯ ಚೀಟಿ. ಟೇಲರ್ ಕೆಂಪು ಪಿಕಪ್ಪಿನ ಸ್ಟೇರಿಂಗ್ ಹಿಡಿದು, ತನಗಾಗಿಯೇ ತಯಾರಾದ ಗಾಡಿ ಎಂಬಂತೆ ಕೂತಿದ್ದ. ಹೆಂಡತಿ ಕೆಳಗೆ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ಹಾಗೆ ನಿಂತಾಗಲೆಲ್ಲ ಟೇಲರ್ ಏನಾದರೊಂದು ಕಳೆದುಕೊಂಡಿದ್ದಾನೆ, ಹೆಚ್ಚಾಗಿ ಮಾನ.

ಅವನದು ಪೇಟೆಬೀದಿಯಲ್ಲಿ ಒಂದೇ ಬಾಗಿಲಿನ ಹೊಲಿಗೆ ಅಂಗಡಿ. ಅವಳದು ಚಕ್ರದ ಮೇಲೆ ಕೂತಿರುವ, ಕಾಂಕ್ರೀಟು ಕಲಸುವ ಯಂತ್ರ. ಕಟ್ಟಡ ಕಟ್ಟುವವರಿಗೆ ಬಾಡಿಗೆಗೆ ಬಿಡುತ್ತಾಳೆ. ಸಂಸಾರ ಯಾವುದರಿಂದ ನಡೆಯುತ್ತದೆ ಎಂದು ಟೇಲರನ್ನು ಕೇಳಿದರೆ ಎರಡರಿಂದಲೂ ಎನ್ನುತ್ತಾನೆ. ಅವಳನ್ನು ಕೇಳಿದರೆ ನಗುತ್ತಾಳೆ. ಬೀದಿಯವರೆಲ್ಲ ಅವಳನ್ನು ಕರೆಯುವುದು ಮಿಕ್ಸರಮ್ಮ ಎಂದು. ಇವನನ್ನು, ಪಾಪ, ಮಿಕ್ಸರಮ್ಮನ ಯಜಮಾನರು ಎಂದು.

ಆ ಯಂತ್ರವನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುತ್ತಿದ್ದವನು ಒಬ್ಬ ಟ್ರ್ಯಾಕ್ಟರಿನವನು. ಆರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ. ಹೋದ ವಾರ ಅವನು ಟೇಲರ್ ಹತ್ತಿರ ಒಂದು ಪ್ಯಾಂಟು ಹೊಲಿಸಿಕೊಂಡ. ಅದು ಸೊಂಟಕ್ಕೆ ಹಿಡಿಯಲಿಲ್ಲ. ಕೊಡಿ, ಬಿಚ್ಚಿ ಸಡಿಲ ಮಾಡಿಕೊಡ್ತೀನಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಟೇಲರಿಗೆ ವೃತ್ತಿಯ ಮರ್ಯಾದೆ ಅಡ್ಡ ಬಂತು. ಅಂಗಡಿ ತುಂಬ ಗಿರಾಕಿಗಳಿರುವಾಗಲೇ ಟೇಪು ಸುತ್ತಿ ಅವನ ಹೊಟ್ಟೆ ಅಳೆದ. ಅಳತೆ ಪುಸ್ತಕ ತೆಗೆದು ಹಳೆಯ ಅಳತೆಯನ್ನೂ ಹೊಸ ಅಳತೆಯನ್ನೂ ಗಟ್ಟಿಯಾಗಿ ಓದಿದ. ತಪ್ಪು ಪ್ಯಾಂಟಿನದಲ್ಲ ಎಂದು ತೀರ್ಪು ಕೊಟ್ಟ. ಟ್ರ್ಯಾಕ್ಟರಿನವನು ಪ್ಯಾಂಟನ್ನು ಮೆಷಿನ್ನಿನ ಮೇಲೆ ಎಸೆದು ಹೋದವನು ಮತ್ತೆ ಆ ಕಡೆ ಸುಳಿದಿಲ್ಲ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಊರಾಚೆಯ ಒಂದು ಶಾಲೆಯ ತಾರಸಿಗೆ ಕಾಂಕ್ರೀಟು ಬೀಳಬೇಕಿತ್ತು. ಯಂತ್ರ ಬಾರದಿದ್ದರೆ ಈ ಕೆಲಸವಷ್ಟೇ ಅಲ್ಲ, ಮುಂದಿನ ಎಲ್ಲ ಕೆಲಸವೂ ಬೇರೆಯವರಿಗೆ ಎಂದು ಕಂಟ್ರಾಕ್ಟರು ಹೇಳಿಬಿಟ್ಟಿದ್ದ. ಇವತ್ತು ಶನಿವಾರ.

ಅಂಗಳದ ಮಾಲೀಕನಿಗೆ ಗಿರಾಕಿಗಳು ಇಟ್ಟ ಹೆಸರು ಗ್ಯಾರಂಟಿ. ಟೈರಿಗೂ ಗ್ಯಾರಂಟಿ, ಬಣ್ಣಕ್ಕೂ ಗ್ಯಾರಂಟಿ, ಬರೆದು ಕೊಡಿ ಎಂದರೆ ಮಾತ್ರ ಪೆನ್ನು ಸಿಗುತ್ತಿರಲಿಲ್ಲ. ಬಂದ ಕ್ಷಣವೇ ಅವನು ಟೇಲರನ್ನು ಅಳೆದುಬಿಟ್ಟಿದ್ದ. ಸಾರ್ ಗಾಡಿ ಬಲ್ಲೋರು, ಬಾಗಿಲು ತೆಗೆದ ರೀತೀಲೇ ಗೊತ್ತಾಯ್ತು ಎಂದ. ಟೇಲರಿಗೆ ಎದೆ ಉಬ್ಬಿತು. ಬಾಗಿಲು ತೆಗೆಯುವುದರಲ್ಲೂ ಒಂದು ರೀತಿ ಇದೆಯೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲು ತೋರಿಸಿದ್ದು ಒಂದು ಬಿಳಿ ಪಿಕಪ್ಪು. ಅದು ಡಾಕ್ಟರೊಬ್ಬರು ಇಟ್ಟುಕೊಂಡಿದ್ದ ಗಾಡಿಯಂತೆ, ಒಬ್ಬರ ಕೈಯಲ್ಲೇ ಓಡಿದ್ದಂತೆ.

ಮಿಕ್ಸರಮ್ಮ: ಡಾಕ್ಟರು ಪಿಕಪ್ಪಿನಲ್ಲಿ ಏನು ಹೇರ್ತಿದ್ರು?

ಗ್ಯಾರಂಟಿ: ಏನೂ ಹೇರಿಲ್ಲಮ್ಮ. ಅದೇ ಇದ್ರ ವಿಶೇಷ.

ಮಿಕ್ಸರಮ್ಮ: ಹಾಗಾದ್ರೆ ಹಿಂದೆ ಇಷ್ಟು ದೊಡ್ಡ ತಗ್ಗು ಹೇಗೆ ಬಿತ್ತು?

ಗ್ಯಾರಂಟಿ: ಅದಾ... ಒಂದು ಸಲ ಮನೆ ಬದಲಾಯಿಸಿದ್ರು. ಮಂಚ, ಹಾಸಿಗೆ.

ಮಿಕ್ಸರಮ್ಮ: ಡಾಕ್ಟರು ಬಂಡೆ ಮೇಲೆ ಮಲಗ್ತಿದ್ರಾ?

ಗ್ಯಾರಂಟಿ ಟೇಲರನತ್ತ ತಿರುಗಿ, ಸಾರ್ ಒಂದು ಸಲ ಹಾರ್ನ್ ಒತ್ತಿ ನೋಡಿ ಎಂದ. ಟೇಲರ್ ಒತ್ತಿದ. ತುಂಬ ಚೆನ್ನಾಗಿತ್ತು. ಆಮೇಲೆ ಒಂದು ಎತ್ತರದ ಗಾಡಿ ತೋರಿಸಿದ, ಹತ್ತಲು ಏಣಿ ಬೇಕು, ಕೊಳ್ಳಲು ಮನೆ ಮಾರಬೇಕು. ಟೇಲರ್ ಕುತ್ತಿಗೆಯ ಟೇಪು ತೆಗೆದು ಅದರ ಹಿಂಭಾಗದ ಉದ್ದ, ಅಗಲ, ಆಳ ಅಳೆದ. ಕೈಯ ಅಭ್ಯಾಸಬಲದಿಂದ ಅದರ ಸುತ್ತಳತೆಯನ್ನೂ ತೆಗೆದುಕೊಂಡ. ನಮ್ಮ ಕೈಗೆಟುಕೋದು ತೋರ್ಸಿ, ಎಳೆಯೋದು ತೋರ್ಸಿ ಎಂದು ಮಿಕ್ಸರಮ್ಮ ಮತ್ತೆ ಹೇಳಿದಳು. ಆಗಲೇ ಈ ಕೆಂಪು ಗಾಡಿಯ ಸರದಿ ಬಂದದ್ದು, ಟೇಲರ್ ಅದರ ಸೀಟಿನ ಮೋಹಕ್ಕೆ ಬಿದ್ದದ್ದು.

ಅವಳು ಸೆರಗು ಬಿಗಿದು ಮೊಣಕಾಲೂರಿ ಗಾಡಿಯ ಹಿಂದೆ ಬಗ್ಗಿದಳು. ಎದ್ದಾಗ ಕೈ ತುಂಬ ಹೊಸ ಕರಿ ಬಣ್ಣ.

ಮಿಕ್ಸರಮ್ಮ: ರೀ, ಇಳಿದು ಬನ್ನಿ ಇಲ್ಲಿ. ಎಳೆಯೋ ಕೊಂಡೀನ ಬರೀ ಬಂಪರಿಗೆ ಬೋಲ್ಟ್ ಹಾಕಿ ನಿಲ್ಸಿದ್ದಾರೆ. ಕೆಳಗಿನ ಕಬ್ಬಿಣದ ಚಾಸಿಗೆ ಮುಟ್ಟೇ ಇಲ್ಲ.

ಟೇಲರ್: ಏನೀಗ?

ಮಿಕ್ಸರಮ್ಮ: ಏನೀಗ ಅಂದ್ರೆ, ನೀವು ಶಾಲೆ ಹತ್ರ ಹೋಗಿ ಇಳೀತೀರಿ. ಮಿಕ್ಸರೂ ಬಂಪರೂ ನಮ್ಮ ಮನೆ ಮುಂದೇನೇ ಇರುತ್ತವೆ.

ಗ್ಯಾರಂಟಿ: ಅದು ಅಂದಕ್ಕೆ ಹಾಕಿಸಿದ್ದು ಸಾರ್. ಅಂದಕ್ಕೆ ಗ್ಯಾರಂಟಿ.

ಟೇಲರ್: ಅಷ್ಟಕ್ಕೆಲ್ಲ ಇಡೀ ಗಾಡಿ ಬೇಡ ಅಂತಾರಾ? ಅಲ್ಲಿ ಬಿಚ್ಚಿ ಇಲ್ಲಿ ಹಿಡಿದ್ರೆ ಸರಿಹೋಗುತ್ತೆ.

ಮಿಕ್ಸರಮ್ಮ: ಈ ಮಾತನ್ನ ಆ ಪ್ಯಾಂಟಿಗೆ ಹೇಳಿದ್ದಿದ್ರೆ ನಾವು ಇವತ್ತು ಇಲ್ಲಿಗೆ ಬರಬೇಕಾಗಿರಲಿಲ್ಲ.

ಟೇಲರನ ಮುಖ ಸಣ್ಣದಾಯಿತು. ವಾರದಿಂದ ಅವಳು ಆ ಮಾತು ಎತ್ತಿರಲಿಲ್ಲ, ಎತ್ತದೇ ಇದ್ದದ್ದೇ ಅವನನ್ನು ಹೆಚ್ಚು ಕೊರೆದಿತ್ತು. ತಪ್ಪು ತನ್ನದೇ ಎಂದು ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಗಾಡಿಯನ್ನು ತಾನೇ ಆರಿಸಿ, ತಾನೇ ಓಡಿಸಿಕೊಂಡು ಮನೆ ಮುಂದೆ ತಂದು ನಿಲ್ಲಿಸಿ ಅವಳ ಬಾಯಿ ಮುಚ್ಚಿಸಬೇಕೆಂದು ಬೆಳಿಗ್ಗೆಯಿಂದ ಹವಣಿಸುತ್ತಿದ್ದ. ಈಗ ರೋಷ ಉಕ್ಕಿತು. ಓಡಿಸಿ ತೋರಿಸ್ತೀನಿ ನೋಡು ಎಂದು ಕೀ ತಿರುಗಿಸಿದ. ಗಾಡಿ ಗುರ್ ಎಂದಿತು, ಮುಂದೆ ಹೋಯಿತು, ಗೇಟಿನ ಬಾಯಿಗೆ ಸರಿಯಾಗಿ ಅಡ್ಡ ನಿಂತು ಕಣ್ಣು ಮುಚ್ಚಿತು. ಟೇಲರ್ ಮತ್ತೆ ಮತ್ತೆ ಕೀ ತಿರುಗಿಸಿದ. ಹಾರ್ನ್ ಕೂಡ ಕೂಗಲಿಲ್ಲ.

ಬಿಸಿಲಿಗೆ ಮುನಿಸಿಕೊಂಡಿದೆ ಎಂದ ಗ್ಯಾರಂಟಿ. ಮೂರು ಜನವೂ ತಳ್ಳಿದರು. ಟೇಲರನ ಶರ್ಟಿನ ಕಂಕುಳ ಹೊಲಿಗೆ ಬಿಟ್ಟಿತು, ಗಾಡಿ ಮಿಸುಕಲಿಲ್ಲ. ಕೊನೆಗೆ ಗ್ಯಾರಂಟಿ ಶೆಡ್ಡಿನ ಹಿಂದೆ ಹೋಗಿ ಇನ್ನೊಂದು ಪಿಕಪ್ಪನ್ನು ಹೊರಗೆ ತಂದ. ಅದರ ಬಣ್ಣ ಯಾವುದೆಂದು ಅದನ್ನು ಹೆತ್ತವರೂ ಹೇಳಲಾರರು. ಒಂದು ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದರು, ಸೀಟಿನಿಂದ ಹತ್ತಿ ಇಣುಕುತ್ತಿತ್ತು. ಒಂದೇ ತಿರುವಿಗೆ ಸ್ಟಾರ್ಟ್ ಆಗಿತ್ತು. ಅದರ ಹಿಂದೆ ಕಬ್ಬಿಣದ ಹಗ್ಗ ಸಿಕ್ಕಿಸಿ ಗ್ಯಾರಂಟಿ ಕೆಂಪು ಗಾಡಿಯನ್ನು ಗೇಟಿನಿಂದ ಅಂಗಳದ ನಡುವಿಗೆ ಒಂದೇ ಎಳೆತಕ್ಕೆ ಎಳೆದು ತಂದ. ಮತ್ತೆ ಕೆಂಪು ಗಾಡಿ ಹತ್ತಿ ಕೂತಿದ್ದ ಟೇಲರ್ ಬ್ರೇಕಿನ ಮೇಲಿಟ್ಟ ಕಾಲನ್ನು ತೆಗೆದೇ ಇರಲಿಲ್ಲ. ಎಳೆಯುವ ಗಾಡಿಗೆ ಅದರ ಪರಿವೆಯೂ ಇರಲಿಲ್ಲ.

ಮಿಕ್ಸರಮ್ಮ ಮತ್ತೆ ಮೊಣಕಾಲೂರಿದಳು. ಈ ಸಲ ಎದ್ದಾಗ ಅವಳ ಕೈಗೆ ಹತ್ತಿದ್ದು ಬರೀ ಗ್ರೀಸು.

ಮಿಕ್ಸರಮ್ಮ: ಇದಕ್ಕೆಷ್ಟು?

ಗ್ಯಾರಂಟಿ: ಅದು ಮಾರೋದಲ್ಲಮ್ಮ. ಅದು ಕೆಲಸದ್ದು.

ಮಿಕ್ಸರಮ್ಮ: ನನಗೂ ಅದೇ ಬೇಕಾಗಿರೋದು. ಉಳಿದವು ಯಾತಕ್ಕೆ?

ಗ್ಯಾರಂಟಿ: ಇದನ್ನ ಕೊಟ್ರೆ ಬೆಳಿಗ್ಗೆ ಇವನ್ನೆಲ್ಲ ಶೆಡ್ಡಿಂದ ಸಾಲಿಗೆ ಯಾರಮ್ಮ ಎಳೆದು ತರ್ತಾರೆ?

ಹೇಳಿ ನಾಲಿಗೆ ಕಚ್ಚಿಕೊಂಡ. ಟೇಲರ್ ಸಾಲನ್ನೊಮ್ಮೆ ನೋಡಿದ. ಬಿಳಿ, ನೀಲಿ, ಏಣಿ ಬೇಕಾದ್ದು, ಎಲ್ಲವೂ ಪಳಪಳ ಹೊಳೆಯುತ್ತಿದ್ದವು. ಸೀಟು ಚೆನ್ನಾಗಿದ್ದರೆ ಎಂಜಿನ್ನೂ ಚೆನ್ನಾಗಿರುತ್ತದೆ ಎಂಬ ತನ್ನ ಮಾತು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ಗ್ಯಾರಂಟಿ ಬೇರೆ ದಾರಿ ಹಿಡಿದ. ಬೆಳಿಗ್ಗೆಯಿಂದ ಗಾಡಿಗಳನ್ನು ಹೊಗಳಿದ ಬಾಯಲ್ಲೇ ತನ್ನ ಈ ಕೆಲಸದ ಗಾಡಿಯನ್ನು ತೆಗಳತೊಡಗಿದ. ಬಾಗಿಲು ಹಾಕ್ಕೊಳ್ಳಲ್ಲ, ವೈಪರ್ ಇಲ್ಲ, ಎರಡನೇ ಗೇರು ಬೇಡಿಕೊಂಡರೆ ಬೀಳುತ್ತೆ, ಗಾಜು ಒಂದೇ ಕಡೆ. ಮಿಕ್ಸರಮ್ಮ ಒಂದೊಂದಕ್ಕೂ ತಲೆಯಾಡಿಸಿ ಬೆರಳು ಮಡಿಸುತ್ತಾ ಹೋದಳು.

ಮಿಕ್ಸರಮ್ಮ: ಸರಿ. ಬಾಗಿಲಿಗೆ ಸ್ವಲ್ಪ ಇಳಿಸಿ, ವೈಪರಿಗೆ ಸ್ವಲ್ಪ, ಗೇರಿಗೆ ಸ್ವಲ್ಪ ಜಾಸ್ತಿ. ಇನ್ನೇನಾದ್ರೂ ದೋಷ ಇದ್ರೆ ಹೇಳಿ, ಇನ್ನೂ ಇಳಿಯಲಿ.

ಗ್ಯಾರಂಟಿ: ದೋಷ ಎಲ್ಲಮ್ಮ? ಇಂಥಾ ಎಂಜಿನ್ ಈಗ ದುಡ್ಡು ಸುರಿದ್ರೂ ಸಿಗಲ್ಲ. ಕೊಂಡೀನ ನಾನೇ ಮುಂದೆ ನಿಂತು ಚಾಸಿಗೆ ವೆಲ್ಡ್ ಮಾಡಿಸಿದ್ದು.

ಮಿಕ್ಸರಮ್ಮ: ನೋಡಿದೆ. ಇದಕ್ಕೆ ಮಾತ್ರ ನೀವು ಗ್ಯಾರಂಟಿ ಅನ್ನಲೇ ಇಲ್ಲ. ಅದಕ್ಕೇ ನಂಬಿಕೆ ಬಂತು.

ಅಷ್ಟರಲ್ಲಿ ಗೇಟಿನ ಹತ್ತಿರ ಕನ್ನಡಕದ ಗಿರಾಕಿಯೊಬ್ಬ ಬಂದು ನಿಂತು ಒಳಗೆ ಇಣುಕಿದ. ಗ್ಯಾರಂಟಿಯ ಮುಖ ಅರಳಿತು, ಮಿಕ್ಸರಮ್ಮನನ್ನು ನೋಡಿ ಮತ್ತೆ ಬಾಡಿತು. ಅವಳು ದನಿ ತಗ್ಗಿಸಿದಳು.

ಮಿಕ್ಸರಮ್ಮ: ಬಂದೋರು ನನ್ನನ್ನ ಏನಾದ್ರೂ ಕೇಳ್ತಾರೆ. ಬೆಳಿಗ್ಗೆ ಈ ಗಾಡಿಗಳು ಸಾಲಿಗೆ ಹೇಗೆ ಬರ್ತವೆ ಅಂತ ಹೇಳ್ಲಾ, ಬೇಡ್ವಾ?

ಗ್ಯಾರಂಟಿ ಬೆಲೆ ಹೇಳಿದ. ಅವಳು ಗೇಟಿನ ಕಡೆ ಎರಡು ಹೆಜ್ಜೆ ಹಾಕಿದಳು. ಅವನು ಇನ್ನೊಂದು ಬೆಲೆ ಹೇಳಿದ, ಅದು ಅವಳ ಕೈಗೆ ಎಟುಕಿತು. ಕಾಗದಪತ್ರಕ್ಕೆ ಪೆನ್ನು ಸಿಕ್ಕಿತು. ಸೀಟು ಹರಿದಿದೆ ಕಣೇ ಎಂದು ಟೇಲರ್ ಕೊನೆಯದಾಗಿ ಗೊಣಗಿದ. ಹೊಲಿಯೋಕೆ ಮನೇಲಿ ಒಬ್ರು ಇದ್ದಾರಲ್ಲ ಎಂದಳು ಅವಳು. ಆ ಮಾತಿಗೆ ಅವನಿಗೆ ಸಂತೋಷವಾಯಿತು. ಗಾಡಿಯಲ್ಲಿ ತನಗೆ ಬರುವ ಕೆಲಸವೂ ಒಂದಿದೆ ಎಂದು ಹತ್ತಿಯನ್ನು ಒಳಕ್ಕೆ ತುರುಕಿ ಪಕ್ಕದ ಸೀಟಿನಲ್ಲಿ ತೆಪ್ಪಗೆ ಕೂತ.

ಮಿಕ್ಸರಮ್ಮ ಕಬ್ಬಿಣದ ಹಗ್ಗ ಬಿಚ್ಚಿ ಸುತ್ತಿ ಹಿಂದೆ ಹಾಕಿ ಸ್ಟೇರಿಂಗ್ ಹಿಡಿದಳು. ಗಾಡಿ ಹೊರಡುವಷ್ಟರಲ್ಲಿ ಗ್ಯಾರಂಟಿ ಏದುಸಿರು ಬಿಡುತ್ತಾ ಓಡಿ ಬಂದ. ಕನ್ನಡಕದವನಿಗೆ ಆ ಕೆಂಪು ಗಾಡಿಯೇ ಹಿಡಿಸಿತ್ತು. ಸ್ಟಾರ್ಟ್ ಮಾಡಿ ತೋರಿಸಿ ಎನ್ನುತ್ತಿದ್ದ.

ಗ್ಯಾರಂಟಿ: ಮೇಡಂ, ಒಂದು ಸಣ್ಣ ಉಪಕಾರ. ಹತ್ತು ಹೆಜ್ಜೆ ಎಳೆದುಬಿಟ್ರೆ ಅದು ಸ್ಟಾರ್ಟ್ ಆಗುತ್ತೆ.

ಮಿಕ್ಸರಮ್ಮ: ನಮ್ಮಲ್ಲಿ ಹೆಜ್ಜೆ ಲೆಕ್ಕ ಇಲ್ಲ. ಕೊಂಡಿ ಸಿಕ್ಕಿಸಿದ್ರೆ ಅರ್ಧ ದಿನದ ಬಾಡಿಗೆ.

ಗ್ಯಾರಂಟಿ: ನನ್ನ ಅಂಗಳದಲ್ಲಿ ನನ್ನ ಗಾಡಿ ಎಳೆಯೋಕೆ ನಾನೇ ಬಾಡಿಗೆ ಕೊಡ್ಬೇಕಾ?

ಮಿಕ್ಸರಮ್ಮ: ಬೇಡ ಅಂದ್ರೆ ಸಾಲಿನಲ್ಲಿ ಅಷ್ಟೊಂದು ಗಾಡಿ ನಿಲ್ಸಿದ್ದೀರಲ್ಲ. ಅದ್ರಲ್ಲಿ ಯಾವುದ್ರಿಂದಾದ್ರೂ ಎಳ್ಕೊಳ್ಳಿ.

ಗ್ಯಾರಂಟಿ ಸಾಲನ್ನು ನೋಡಿದ, ಕನ್ನಡಕದವನನ್ನು ನೋಡಿದ, ಆಮೇಲೆ ಜೇಬಿಗೆ ಕೈಹಾಕಿದ.