ಮುನ್ನೂರು ಪತ್ರಾವಳಿಗೆ ಹನ್ನೆರಡರ ಲೆಕ್ಕ

ನಿಜಾಮರ ಆಳ್ವಿಕೆಯಲ್ಲಿ ನಾನು ಲಿಂಗಸುಗೂರಿನ ಶಾಲೆಯೊಂದರಲ್ಲಿ ಉರ್ದುವಿನಲ್ಲಿ ಹಿಸಾಬು ಕಲಿಸುತ್ತಿದ್ದೆ. ನಾನು ಲೆಕ್ಕ ತಪ್ಪುವವನಲ್ಲ ಎಂಬುದು ಇಡೀ ಊರಿಗೆ ಗೊತ್ತಿತ್ತು. ಊರಿಗೆ ಹಾಗಂತ ಹೇಳಿದವನೂ ನಾನೇ. ಹೀಗಾಗಿ ಮಸ್ಕಿಯ ನನ್ನ ತಂಗಿ, ಮಗಳ ಮದುವೆಗೆ ಮುನ್ನೂರು ಪತ್ರಾವಳಿ ತರಿಸುವ ಹೊಣೆಯನ್ನು ನನಗೆ ಒಪ್ಪಿಸಿದಾಗ ನಗು ಬಂತು. ಬೀಗರು ಸಿಂಧನೂರಿನವರು, ಊಟಕ್ಕೆ ಕಾಯಿಸಿದರೆ ಎದ್ದು ಹೋಗುವ ಜನ, ಸೋದರಮಾವನ ಮರ್ಯಾದೆ ನಿನ್ನ ಕೈಯಲ್ಲಿದೆ ಎಂದು ಅವಳು ಎರಡು ಸಲ ಹೇಳಿಕಳಿಸಿದ್ದಳು.

ಮುತ್ತಲ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುವವಳು ಸಂತೆಕಲ್ಲೂರಿನ ಮಲ್ಲವ್ವ. ಅವಳು ಎಣಿಸುವುದನ್ನು ಒಮ್ಮೆ ಕಂಡು ಬೆರಗಾಗಿದ್ದೆ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಗೆರೆಗಳ ಮೇಲೆ ಓಡಿಸುತ್ತಾಳೆ. ಬೆರಳಿಗೆ ಮೂರು ಗೆರೆ, ಒಟ್ಟು ಹನ್ನೆರಡು. ಆಮೇಲೆ ಇನ್ನೊಂದು ಕೈಯಲ್ಲಿ ಒಂದು ಗೆರೆ. ನಾವು ಹತ್ತರಲ್ಲಿ ಎಣಿಸುವಂತೆ ಅವಳು ಹನ್ನೆರಡರಲ್ಲಿ! ಹತ್ತನ್ನು ಮೂವರಿಗೆ ಹಂಚಿದರೆ ಒಂದು ಉಳಿದು ಜಗಳ. ಹನ್ನೆರಡನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಮಂದಿಗೆ ಹಂಚಿದರೂ ಏನೂ ಉಳಿಯದು. ನನಗೆ ಎರಡು ದಿನ ಬೇರೆ ಯೋಚನೆಯೇ ಇರಲಿಲ್ಲ.

ಈ ಲೆಕ್ಕದಲ್ಲಿ ಒಂದರ ಮುಂದೆ ಸೊನ್ನೆ ಇಟ್ಟರೆ ಹನ್ನೆರಡು, ಎರಡು ಸೊನ್ನೆ ಇಟ್ಟರೆ ಹನ್ನೆರಡು ಹನ್ನೆರಡು, ಅಂದರೆ ನೂರನಲವತ್ತನಾಲ್ಕು. ಹಾಗಾದರೆ ನಮ್ಮ ಮುನ್ನೂರು? ಎರಡು ನೂರನಲವತ್ತನಾಲ್ಕು, ಒಂದು ಹನ್ನೆರಡು, ಬಿಡಿ ಏನೂ ಇಲ್ಲ. ೨೧೦! ಅವಳ ಕಲೆಗೆ ಗೌರವ ಸಲ್ಲಿಸುವ ಸದುದ್ದೇಶದಿಂದ ಚೀಟಿಯಲ್ಲಿ ಅದನ್ನೇ ಬರೆದೆ.

ಹೆಂಡತಿ ಇಣುಕಿ ನೋಡಿ, "ಬಾಯಿಲೆ ಮುನ್ನೂರು ಅಂತ ಹೇಳಿ ಕಳಸ್ರೀ, ಸಾಕು" ಅಂದಳು. ಹಿಸಾಬು ನಿನಗೆ ತಿಳಿಯದು ಎಂದು ಗಂಭೀರವಾಗಿ ಹೇಳಿ, ಸಂತೆಕಲ್ಲೂರಿಗೆ ಹೊರಟಿದ್ದ ಗಾಡಿಯವನ ಕೈಗೆ ಚೀಟಿ ಕೊಟ್ಟೆ.

ಮದುವೆಯ ದಿನ ಮಲ್ಲವ್ವನೇ ಕಟ್ಟುಗಳನ್ನು ತಂದಳು. ನಾನು ಎಣಿಸಲಿಲ್ಲ. ನನ್ನ ಲೆಕ್ಕವನ್ನು ನಾನೇ ಅನುಮಾನಿಸುವುದೆ? ನೂರು ನೂರು ಮಂದಿಯ ಎರಡು ಪಂಕ್ತಿ ಎದ್ದವು. ಮೂರನೆಯದರಲ್ಲಿ, ಶಾಸ್ತ್ರಗಳನ್ನು ಮುಗಿಸಿಕೊಂಡು ಬಂದ ಬೀಗರು ಕೂತರು. ಹತ್ತು ಜನರಿಗೆ ಎಲೆ ಬಿತ್ತು. ಮುಗಿಯಿತು! ತೊಂಬತ್ತು ಜನ ಬರಿ ನೆಲ ನೋಡುತ್ತ ಕೂತರು. ತಂಗಿಯ ಕಣ್ಣಲ್ಲಿ ನೀರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮಲ್ಲವ್ವನನ್ನು ಕೇಳಿದರೆ, "ನನಗ ಓದಾಕ ಬರಲ್ಲ ಯಪ್ಪಾ. ಊರ ಲೆಕ್ಕ ಬರಿಯೋ ಪಟವಾರಿ ಕಡೆ ಓದಿಸೀನಿ. ಎರಡು ನೂರಾ ಹತ್ತು ಅಂದ್ರು" ಅಂದಳು.

"ಅದು ನಿಂದೇ ಲೆಕ್ಕ, ಯವ್ವಾ. ಬಿಡಿಸಿದ್ರ ಮುನ್ನೂರು ಆಕ್ಕೈತಿ."

"ನಂದು ಬೆರಳಾಗ ಐತಿ ಮಾಸ್ತರ. ಕಾಗದದಾಗ ಯಾವಾಗ ಹೋತು?"

ಅವಳು ಮರುದಿನದ ಇನ್ನೊಂದು ಮದುವೆಗೆಂದು ತಂದಿದ್ದ ಮುತ್ತಲ ಎಲೆಗಳ ಚೀಲ ಗಾಡಿಯಲ್ಲಿತ್ತು. ಅದನ್ನೇ ಸುರುವಿದಳು. ಮನೆಯ ಹೆಂಗಸರೆಲ್ಲ ಕಡ್ಡಿ ಹಿಡಿದು ಕೂತರು. ನನ್ನನ್ನೂ ಕೂರಿಸಿದರು. ಬೀಗರಿಗೆ ತಂಗಿ ಎರಡೆರಡು ಸಲ ಪಾನಕ ಕೊಟ್ಟು ಹೇಗೋ ಹಿಡಿದಿಟ್ಟಳು. ಒಬ್ಬರೂ ಎದ್ದು ಹೋಗಲಿಲ್ಲ, ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ತೊಂಬತ್ತು ತುಂಬಿತು. ಯಾರು ಎಷ್ಟು ಹಚ್ಚಿದರೆಂದು ಮಲ್ಲವ್ವ ಬೆರಳ ಗೆರೆ ಮುಟ್ಟುತ್ತ ಹೇಳಿದಳು. ಅವಳದು ಮೂರು ಹನ್ನೆರಡು. ನನ್ನ ಹೆಂಡತಿಯದು ಎರಡು ಹನ್ನೆರಡು. ನನ್ನದು ಏಳು. ಅದರಲ್ಲೂ ಎರಡರಲ್ಲಿ, ಬಡಿಸಿದಾಗ ಸಾರು ಸೋರಿತು.

ಮರ್ಯಾದೆ ಸ್ವಲ್ಪವಾದರೂ ಉಳಿದೀತೇ ಎಂದು, ಏಳನ್ನು ಮನಸ್ಸಿನಲ್ಲೇ ಹನ್ನೆರಡರ ಲೆಕ್ಕಕ್ಕೆ ತಿರುಗಿಸಿ ನೋಡಿದೆ. ಅಲ್ಲಿಯೂ ಏಳೇ!