ದಾರಿ ತಿಳಿಯದ ಮಾತುಗಳ ವಿಲೇವಾರಿ

ಹವ್ಯಾಸಿ ರೇಡಿಯೋ ಸಂಘದ ಸದಸ್ಯರು ಇನ್ನುಮುಂದೆ ಪರಸ್ಪರ ರೇಡಿಯೋದಲ್ಲಿ ಮಾತಾಡಕೂಡದೆಂದು ಸಂಘವು ಸರ್ವಾನುಮತದಿಂದ ತೀರ್ಮಾನಿಸಿತು. ಮನೆಮನೆಯಲ್ಲೂ ರೌಟರ್ ಇರುವಾಗ ಮಾತನ್ನು ಬರೀ ಗಾಳಿಗೆ ಬಿಡುವುದು ನಾಗರಿಕ ಲಕ್ಷಣವಲ್ಲವೆಂದು ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಅಭಿಪ್ರಾಯಪಟ್ಟರು.

ಇನ್ನು ಮಾತು ಇಂಟರ್ನೆಟ್ಟಿನಲ್ಲಿ ಯಾವ ದಾರಿ ಹಿಡಿಯಬೇಕು? ಪ್ರತಿ ಸದಸ್ಯನೂ ತನ್ನ ರೌಟರಿಗೆ ದಾರಿ ಹೇಳಿಕೊಡತಕ್ಕದ್ದು. ದಾರಿ ತಿಳಿಯದ ಮಾತುಗಳು ಕಾರ್ಯದರ್ಶಿಗಳ ಮನೆಗೆ ಹೋಗತಕ್ಕದ್ದು ಎಂದು ನಿಯಮವಾಯಿತು. ಕಾರ್ಯದರ್ಶಿಗಳು ಉಬ್ಬಿಹೋದರು. ಬಂದ ಮಾತುಗಳನ್ನು ಕೇಳಿಸುವ ಸಂಘದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮನೆಯ ರೌಟರಿಗೆ ತಂತಿ ಸಿಕ್ಕಿಸಿದರು. ರೌಟರಿಗೆ ದಾರಿ ಹೇಳಿಕೊಡುವುದು ಹೇಗೆಂದು ಒಬ್ಬ ಸದಸ್ಯನಿಗೂ ತಿಳಿಯದ ಕಾರಣ ಇಡೀ ಸಂಘದ ಮಾತು ಅವರ ಮನೆಗೇ ಬಂದು ಬಿತ್ತು. ಕಾರ್ಯದರ್ಶಿಗಳಿಗೂ ತಿಳಿದಿರಲಿಲ್ಲ, ತಿಳಿದಿರಬೇಕೆಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ.

ಅವರ ಹೆಂಡತಿ ಶಾಲೆಯಲ್ಲಿ ಟೀಚರು. ಮುಖ್ಯೋಪಾಧ್ಯಾಯಿನಿ ಹುದ್ದೆಗೆ ಸೋಮವಾರ ಆನ್‌ಲೈನ್ ಸಂದರ್ಶನವಿತ್ತು.

"ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡ್ರಿ. ಅವತ್ತೊಂದು ದಿನ ನೆಟ್ ನನಗೆ ಬಿಡಿ."

"ಸಮಿತಿ ಮುಂದೆ ಇಡ್ತೀನಿ."

"ನಾನೇನು ಸಮಿತೀನ ಮದುವೆ ಆಗಿದ್ದಾ?"

ಸಮಿತಿ ಉದಾರವಾಗಿ ನಡೆದುಕೊಂಡಿತು. ರೌಟರಿನಲ್ಲಿ ಅತಿಥಿಗಳಿಗೆಂದೇ ಒಂದು ಸಂಪರ್ಕವಿರುತ್ತದೆ. ಕಾರ್ಯದರ್ಶಿಗಳ ಹೆಂಡತಿಯನ್ನು ಅದಕ್ಕೆ ಸೇರಿಸಿ, ಸದಸ್ಯರು ಬಳಸಿ ಮಿಕ್ಕಿದ್ದನ್ನು ಕೊಡಬಹುದೆಂದು ಠರಾವಾಯಿತು.

"ಇಷ್ಟು ವರ್ಷ ಆದ್ಮೇಲೆ ಅತಿಥಿ ಆದೆ," ಎಂದರು ಆಕೆ. "ಒಳ್ಳೇದೇ ಆಯ್ತು. ಅತಿಥಿಗಳು ಅಡುಗೆ ಮಾಡಲ್ಲ."

ಸೋಮವಾರ ಮೊದಲ ಪ್ರಶ್ನೆಗೇ ಪರದೆ ನಿಂತುಹೋಯಿತು. ಪಕ್ಕದ ಕೋಣೆಯಲ್ಲಿ ಪೆಟ್ಟಿಗೆ "ಹಲೋ, ಕೇಳಿಸ್ತಿದೆಯಾ?" ಎಂದು ಒಂದೇ ಸಮನೆ ಬಡಕೊಳ್ಳುತ್ತಿತ್ತು. ಬಾಗಿಲ ಸಂದಿಯಿಂದ ಇಣುಕಿದ ಕಾರ್ಯದರ್ಶಿಗಳಿಗೆ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಕಂಡಿತು. ಅವರು ನೇರ ಪೆಟ್ಟಿಗೆಯ ಬಳಿ ಹೋದರು. ಸಮಿತಿಯನ್ನು ಕೇಳದೆ, ಜನ್ಮದಲ್ಲಿ ಮೊದಲ ಬಾರಿಗೆ, ತಂತಿ ಕಿತ್ತರು. ಪರದೆಗೆ ಜೀವ ಬಂತು. ಆಕೆಗೆ ಹುದ್ದೆಯೂ ಸಿಕ್ಕಿತು.

ಮುಂದಿನ ಸಭೆಗೆ ಅವರು ರಾಜೀನಾಮೆಗೆ ಸಿದ್ಧರಾಗಿಯೇ ಹೋದರು.

"ತಂತಿ ಕಿತ್ತಿದ್ದು ನಾನೇ ಸಾರ್."

"ಅದು ತಾಂತ್ರಿಕ ವಿಷಯ," ಎಂದರು ಹಲ್ಲಿನ ಡಾಕ್ಟರು. "ಫಲಿತಾಂಶ ನೋಡಿ. ಗೊರಗೊರ ಇಲ್ಲ, ದೂರಿಲ್ಲ, ಒಂದು ಮಾತೂ ದಾರಿ ತಪ್ಪಿಲ್ಲ. ಇಷ್ಟು ಶುದ್ಧವಾದ ಸಂಪರ್ಕ ನಾನಂತೂ ಕಂಡಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ತಂತಿಯನ್ನು ಮತ್ತೆ ಸಿಕ್ಕಿಸಕೂಡದೆಂದು ನಿಯಮಕ್ಕೆ ತಿದ್ದುಪಡಿಯಾಯಿತು. ಈಗ ದಿನಾ ಸಂಜೆ ಸದಸ್ಯರೆಲ್ಲ ಹೆಡ್‌ಫೋನ್ ಹಾಕಿಕೊಂಡು ಕೂತು, ಏನೂ ಕೇಳಿಸದೆ, ಬಹಳ ಸ್ಪಷ್ಟವಾಗಿದೆಯೆಂದು ವರದಿ ಕೊಡುತ್ತಾರೆ. ಕಾರ್ಯದರ್ಶಿಗಳೂ ಕೂರುತ್ತಾರೆ. ಮೊನ್ನೆ ಹೆಂಡತಿ ಬಂದು ಭುಜ ಮುಟ್ಟಿ ಕರೆದಾಗ ಕೈ ಎತ್ತಿ ತಡೆದರು.

"ಸ್ವಲ್ಪ ತಡಿ. ಇವತ್ತು ತುಂಬಾ ಚೆನ್ನಾಗಿ ಬರ್ತಿದೆ."